ಮದ್ವೆ ಬೇಡ ಅಂದ್ರೆ ಕಾರಣ ಎಂತ ಹೇಳೋದು? ಏಸೆಕ್ಷುವಲ್, ಆರೊಮ್ಯಾಂಟಿಕ್ ಆಗಿರೋ ನಮ್ಮ ಜಿಲ್ಲೆಯವ್ರು ಯಾರಾದ್ರೂ ಇದ್ದೀರಾ

ಕಪ್ಪುಂಗುರ:

ಎಲ್ಲರಿಗೂ ನಮಸ್ಕಾರ. ಊರು ಶಿರಸಿ ಕಡೆ, ಕೆಲಸ ಕಾರವಾರದಲ್ಲಿ, ವಯಸ್ಸು ಮೂವತ್ತು ದಾಟಿದೆ. ಇಲ್ಲಿ ಅಡಿಕೆ ರೇಟಿಂದ ಹಿಡ್ದು ಘಾಟ್ ರಸ್ತೆ ಕುಸಿದಿದ್ದರವರೆಗೆ ಎಲ್ಲ ಮಾತಾಡ್ತೇವೆ, ಈ ವಿಷಯ ಯಾರೂ ಎತ್ತಿದ್ದು ನೋಡಿಲ್ಲ, ಹಾಗಾಗಿ ನಾನೇ ಶುರು ಮಾಡ್ತೇನೆ.

ನಾನು ಏಸೆಕ್ಷುವಲ್, ಜೊತೆಗೆ ಆರೊಮ್ಯಾಂಟಿಕ್. ಯಾರನ್ನ ನೋಡಿದ್ರೂ ನಂಗೆ ಲೈಂಗಿಕ ಆಕರ್ಷಣೆ ಆಗೋದಿಲ್ಲ, ಗಂಡಸಾಗ್ಲಿ ಹೆಂಗಸಾಗ್ಲಿ. ಪ್ರೇಮ ಅಂತಾರಲ್ಲ, ಇವ್ರೊಬ್ರೇ ಬೇಕು, ಇವ್ರ ಜೊತೆ ಜೋಡಿ ಆಗ್ಬೇಕು ಅನ್ನೋ ಸೆಳೆತ, ಅದೂ ಹುಟ್ಟೋದಿಲ್ಲ. ಮೊದಲನೇದು ಏಸೆಕ್ಷುವಲ್, ಎರಡನೇದು ಆರೊಮ್ಯಾಂಟಿಕ್, ಚಿಕ್ಕದಾಗಿ ಏಸ್ ಮತ್ತೆ ಆರೋ ಅಂತಾರೆ. ಎರಡೂ ಒಟ್ಟಿಗೇ ಇರ್ಬೇಕು ಹೇಳಿ ಇಲ್ಲ. ಕೆಲವ್ರಿಗೆ ಪ್ರೇಮ ಬೇಕು ದೈಹಿಕ ಸಂಬಂಧ ಬೇಡ, ಕೆಲವ್ರಿಗೆ ಉಲ್ಟಾ, ಕೆಲವ್ರಿಗೆ ಮನಸ್ಸು ತುಂಬಾ ಹತ್ರ ಆದ್ಮೇಲೆ ಮಾತ್ರ ಆಕರ್ಷಣೆ ಬರ್ತದೆ, ಅವ್ರು ಡೆಮಿಸೆಕ್ಷುವಲ್. ಎಲ್ಲೋ ಅಪರೂಪಕ್ಕೊಮ್ಮೆ ಆಗೋರು ಗ್ರೇ ಅಂತ ಹೇಳ್ಕೊಳ್ತಾರೆ. ಇನ್ನು ಪ್ರೀತಿ ವಿಷಯಕ್ಕೆ ಬಂದ್ರೆ ಅಪ್ಪ ಆಯಿ ಮೇಲೆ, ತಂಗಿ ಮೇಲೆ, ಗೆಳತಿಯರ ಮೇಲೆ, ಕೊಟ್ಟಿಗೆಲಿರೋ ದನಗಳ ಮೇಲೆ ನಂಗೆ ನಿಮ್ಮಷ್ಟೇ ಇದೆ, ಹೆಚ್ಚಿದ್ರೂ ಇರ್ಬಹುದು.

ಪಿಯುಸಿಲಿ ಹಾಸ್ಟೆಲಲ್ಲಿ ಕರೆಂಟ್ ಹೋದ ರಾತ್ರಿ ಒಬ್ಬೊಬ್ರೂ ಅವ್ರವ್ರ ಕ್ರಶ್ ಯಾರು ಹೇಳಿ ಹೇಳ್ಬೇಕಿತ್ತು. ನಾನು ಎಲ್ರೂ ಚೆಂದ ಇದ್ದಾನೆ ಅನ್ನೋ ಒಬ್ಬನ ಹೆಸ್ರು ಹೇಳಿ ಮುಗಿಸ್ತಿದ್ದೆ. ಉಳಿದೋರು ಹೇಳ್ತಿದ್ದ ಎದೆ ಹೊಡ್ಕೊಳ್ಳೋದು, ನಿದ್ದೆ ಬರದೇ ಇರೋದು, ಅದೆಲ್ಲ ನಂಗೂ ಮುಂದೆ ಯಾವಾಗ್ಲಾದ್ರೂ ಬರ್ತದೆ ಹೇಳಿ ಕಾದೆ. ಡಿಗ್ರಿ ಮುಗೀತು, ಕೆಲಸ ಸಿಕ್ತು, ಬರ್ಲಿಲ್ಲ. ಆಟ ನೋಡೋಕೆ ಕೂತಾಗ ಭಾಗವತರು ಶೃಂಗಾರದ ಪದ ಎತ್ತಿದ್ರೆ ರಾಗ, ಕುಣಿತ, ಮಾತುಗಾರಿಕೆ ಎಲ್ಲ ಮನಸ್ಸಿಗೆ ಹಿಡಿಸ್ತದೆ, ಬೆಳಗಾಗೋವರೆಗೆ ಕೂರ್ತೇನೆ, ಆದ್ರೆ ಆ ಪಾತ್ರಕ್ಕೆ ಆಗ್ತಿರೋದು ನಂಗೂ ಆಗ್ಬೇಕು ಅನ್ನೋ ಆಸೆ ಮಾತ್ರ ಬರೋದಿಲ್ಲ.

ಈ ಸಲ ಅಡಿಕೆ ಸುಲಿಯೋ ಹೊತ್ತಿಗೆ ಊರಿಗೆ ಹೋಗಿದ್ದೆ. ರಾತ್ರಿ ಊಟ ಆದ್ಮೇಲೆ ಮೆಟ್ಟುಗತ್ತಿ ಇಟ್ಕೊಂಡು ಏಳೆಂಟು ಜನ ಸಾಲಾಗಿ ಕೂತಿದ್ರು, ಕೈ ಒಂದ್ಕಡೆ ಮಾತು ಒಂದ್ಕಡೆ. ದೊಡ್ಡಮ್ಮ ಸುಲಿದ ಅಡಿಕೆ ಬುಟ್ಟಿಗೆ ಹಾಕ್ತಾ ನನ್ನ ಹತ್ರ ಬಗ್ಗಿ "ಎಂತದೇ ಕೂಸೆ, ಇನ್ನೂ ಎಂತಕ್ಕೆ ಕಾಯ್ತಾ ಇದ್ದೆ" ಅಂದ್ರು. ಆಮೇಲೆ ಇನ್ನೂ ಸಣ್ಣ ದನಿಲಿ, ಮನಸ್ಸಲ್ಲಿ ಯಾರಾದ್ರೂ ಇದ್ರೆ ಹೇಳು, ಬೇರೆ ಜಾತಿ ಆದ್ರೂ ಅಡ್ಡಿಲ್ಲೆ, ನಿನ್ನ ಅಪ್ಪಂಗೆ ನಾನೇ ಒಪ್ಪಿಸ್ತಿ ಅಂದ್ರು. ಅವ್ರ ಬಾಯಲ್ಲಿ ಆ ಮಾತು ಬರೋದು ಎಷ್ಟು ದೊಡ್ಡದು ಅಂತ ಊರವ್ರಿಗೇ ಗೊತ್ತು. ಬೇರೆ ಜಾತಿಯವನನ್ನೂ ಒಪ್ಪೋಕೆ ತಯಾರಿದ್ದ ದೊಡ್ಡಮ್ಮಂಗೆ "ಯಾರೂ ಇಲ್ಲ, ಯಾರೂ ಬೇಡ" ಅನ್ನೋದು ಒಂದು ಉತ್ತರ ಆಗಬಹುದು ಅಂತ ಮಾತ್ರ ಹೊಳೀಲಿಲ್ಲ.

ನಾ ಗಮನಿಸಿದ್ದು ಏನಂದ್ರೆ, ನಮ್ಮೂರುಗಳಲ್ಲಿ ಮದ್ವೆ ಆಗ್ದೇ ಉಳ್ದೋರು ಯಾವತ್ತೂ ಇದ್ರು. ಜಾತಕ ಕೂಡಿ ಬರ್ಲಿಲ್ಲ, ತಂಗಿಯರ ಮದ್ವೆ ಮಾಡ್ಸೋದ್ರಲ್ಲೇ ವಯಸ್ಸು ಕಳೀತು, ವಯಸ್ಸಾದ ಅಮ್ಮನ್ನ ನೋಡ್ಕೊಳ್ಳೋಕೆ ಯಾರಿರ್ಲಿಲ್ಲ. ಕಾರಣ ಹೊರಗಡೆ ಇದ್ರೆ ಊರು ಒಪ್ಪತ್ತೆ, ಪಾಪ ಅಂತದೆ, ಸುಮ್ನಿರ್ತದೆ. ಕಾರಣ ನಮ್ಮೊಳಗೇ ಇದ್ರೆ ರಿಪೇರಿ ಮಾಡೋಕೆ ಬರ್ತದೆ. ಅದಕ್ಕೇ ಕೇಳ್ತಿದ್ದೇನೆ, ನಿಮ್ಮಲ್ಲಿ ಯಾರಾದ್ರೂ ಹೀಗಿದ್ದೀರಾ, ಮನೇಲಿ ಎಂತ ಹೇಳಿದ್ರಿ, ಮುಂದಿನ ಜೀವನ ಹೇಗೆ ಮಾಡ್ಕೊಂಡಿದ್ದೀರಿ.

ತೋಟದಮನೆ:

ಓದಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ನಾನು ಯಲ್ಲಾಪುರ ಕಡೆಯವ, ತೋಟ ಗದ್ದೆ ನೋಡ್ಕೊಂಡು ಇದ್ದೇನೆ. ನಮ್ಮ ಕಡೆ ಕೃಷಿ ಮಾಡೋ ಹುಡುಗ್ರಿಗೆ ಹೆಣ್ಣು ಸಿಗೋದಿಲ್ಲ ಅನ್ನೋದು ಹೊಸಾ ಸುದ್ದಿ ಏನಲ್ಲ, ಹೊರ ರಾಜ್ಯದಿಂದ ಹುಡುಗಿ ತಂದ ಮನೆಗಳೂ ಇದ್ದಾವೆ. ನಂಗೆ ಅದೇ ಒಂದು ಆಸರೆ ಆಗಿದೆ ನೋಡಿ. ನೀವು ಹೇಳಿದ್ರಲ್ಲ ಹೊರಗಿನ ಕಾರಣ ಹೇಳಿ, ಅದು ನಂಗೆ ಊರೇ ತಯಾರು ಮಾಡಿ ಕೊಟ್ಟಿದೆ. ಯಾರೂ ಎಂತಕ್ಕೆ ಆಗಿಲ್ಲ ಹೇಳಿ ಕೇಳೋದೇ ಇಲ್ಲ, ಪಾಪ ತೋಟದ ಮಾಣಿ, ಹೆಣ್ಣು ಸಿಗ್ಲಿಲ್ಲ ಅಂತ ಅವ್ರೇ ಹೇಳ್ಕೊಳ್ತಾರೆ.

ಆದ್ರೆ ನಂದು ನಿಮ್ಮ ತರ ಅಲ್ಲ. ನಂಗೆ ಜೊತೆ ಬೇಕು. ಪ್ರೀತಿ ಮಾಡಿದ್ದೂ ಇದೆ, ಕಾಲೇಜಲ್ಲಿದ್ದಾಗ, ಅವ್ಳಿಗೆ ಹೇಳಿದ್ದೂ ಇದೆ. ಪಕ್ಕ ಕೂತು ಮಾತಾಡ್ಬೇಕು, ಅವ್ಳು ನಕ್ರೆ ದಿನ ಚೆನ್ನಾಗಿ ಹೋಗ್ತದೆ, ಅಷ್ಟೆಲ್ಲ ಇತ್ತು, ಆದ್ರೆ ಅದ್ರಿಂದ ಮುಂದಿನದು ಮನಸ್ಸಿಗೆ ಬರ್ತಾನೇ ಇರ್ಲಿಲ್ಲ. ಗೆಳೆಯರು ಮಾತಾಡೋದು ಕೇಳಿ ನಂಗೇ ಏನೋ ಕೊರತೆ ಇದೆ ಅನ್ಕೊಂಡಿದ್ದೆ. ಈಗ ಸಂಜೆ ತೋಟಕ್ಕೆ ನೀರು ಬಿಟ್ಟು ಬಂದು ಜಗುಲಿ ಮೇಲೆ ಚಾ ಕುಡಿವಾಗ ಎದುರಿಗೆ ಒಬ್ರು ಇರ್ಬೇಕಿತ್ತು ಅನ್ಸ್ತದೆ. ಸಂಬಂಧ ನೋಡೋ ಭಟ್ರ ಹತ್ರ ಇದನ್ನ ಹೇಗೆ ಹೇಳೋದು? ಹುಡುಗಿ ಮನೆಯವ್ರಿಗೆ ಮೊದ್ಲೇ ಹೇಳದೇ ಮದ್ವೆ ಆಗೋದು ಮೋಸ, ಅದು ನನ್ನಿಂದ ಆಗೋದಿಲ್ಲ. ಹೇಳಿದ್ರೆ ಮಾರನೇ ದಿನ ಊರಿಗೆಲ್ಲ ಗೊತ್ತಾಗ್ತದೆ, ನಂಗೆ ಏನೋ ರೋಗ ಇದೆ ಹೇಳಿ.

ಕಪ್ಪುಂಗುರ:

ತೋಟದಮನೆ ಅವ್ರೇ, ನಿಮ್ಮಂಥೋರನ್ನೇ ನೆನೆಸ್ಕೊಂಡು ಕೆಲಸ ಮಾಡಿದೋರು ಒಬ್ರಿದ್ದಾರೆ. ಡಾಕ್ಟರ್ ಪ್ರಗತಿ ಸಿಂಗ್ ಅಂತ, ಇಂಡಿಯನ್ ಏಸಸ್ ಅನ್ನೋ ಬಳಗ ಕಟ್ಟಿದೋರು, 2019ರಲ್ಲಿ ಬಿಬಿಸಿಯ ನೂರು ಮಹಿಳೆಯರ ಪಟ್ಟಿಲಿ ಅವ್ರ ಹೆಸರಿತ್ತು. ದೈಹಿಕ ಸಂಬಂಧ ಬೇಡ ಆದ್ರೆ ಬಾಳಸಂಗಾತಿ ಬೇಕು ಅನ್ನೋರು ಒಬ್ರನ್ನೊಬ್ರು ಭೇಟಿ ಆಗೋಕೆ ಅಂತಲೇ ಅವ್ರು ಸಭೆಗಳನ್ನ ಮಾಡಿದಾರೆ. ಅಂದ್ರೆ ಆ ಕಡೆಯಿಂದಲೂ ನಿಮ್ಮಂಥ ಗಂಡು ಸಿಗ್ಲಿ ಹೇಳಿ ಕಾಯ್ತಿರೋ ಹೆಣ್ಮಕ್ಕಳಿದ್ದಾರೆ, ಅವ್ರ ಮನೇಲೂ ಇದೇ ಗಲಾಟೆ ನಡೀತಿದೆ. ಭಟ್ರ ಹತ್ರ ಹೇಳೋದು ಬೇಡ. ಹುಡುಗಿ ಹತ್ರ ನೇರ ಮಾತಾಡೋ ಅವಕಾಶ ಕೇಳಿ, ಅವ್ಳಿಗೊಬ್ಳಿಗೇ ಹೇಳಿ. ಕೇಳಿಸ್ಕೊಳ್ಳೋ ಹಕ್ಕು ಇರೋದು ಅವ್ಳಿಗೆ ಮಾತ್ರ.

ಸೋಂದಾರಸ್ತೆ:

ಬೇಜಾರ್ ಮಾಡ್ಕೋಬೇಡಿ, ನಿಜವಾಗಿ ಕೇಳ್ತಿದ್ದೇನೆ. ಇದು ಹಾರ್ಮೋನ್ ಕಡಿಮೆ ಇದ್ದು ಆಗೋದು ಅಲ್ವಾ? ಇಲ್ಲ ಚಿಕ್ಕಂದಿನಲ್ಲಿ ಎಂತಾದ್ರೂ ಕೆಟ್ಟ ಅನುಭವ ಆಗಿರ್ಬಹುದು. ಒಂದ್ಸಲ ಒಳ್ಳೆ ಡಾಕ್ಟ್ರಿಗೆ ತೋರ್ಸಿದ್ರೆ ಗೊತ್ತಾಗ್ತದೆ. ಮತ್ತೆ ಬ್ರಹ್ಮಚರ್ಯ ಅನ್ನೋದು ನಮ್ಮಲ್ಲಿ ಮೊದ್ಲಿಂದ್ಲೂ ಇದೆ, ಮಠಗಳ ಸೀಮೆ ನಮ್ದು, ಅದಕ್ಕೆ ಈಗ ಹೊರಗಿನ ಹೊಸ ಹೆಸ್ರುಗಳು ಯಾಕೆ ಬೇಕು?

ಅಘನಾಶಿನಿದಡ:

ನಾನು ಕುಮಟಾದವ್ಳು, ನರ್ಸ್ ಆಗಿ ಕೆಲಸ ಮಾಡ್ತೆ. ಸೋಂದಾರಸ್ತೆ ಅಣ್ಣ ಕೇಳಿದ್ದಕ್ಕೆ ನಂಗೆ ಗೊತ್ತಿದ್ದಷ್ಟು ಹೇಳ್ತೆ.

ಮೊದ್ಲು ಚೆನ್ನಾಗಿ ಆಸಕ್ತಿ ಇದ್ದು ಈಗ ಒಮ್ಮೆಲೇ ಹೋಗಿದೆ, ಅದ್ರಿಂದ ಆ ಮನುಷ್ಯಂಗೇ ಸಂಕಟ ಆಗ್ತಿದೆ ಅಂದ್ರೆ ತೋರಿಸೂಕೆ ಬೇಕು, ಅದ್ರಲ್ಲಿ ಎರಡು ಮಾತಿಲ್ಲ. ಥೈರಾಯ್ಡ್ ಇರ್ಬಹುದು, ಪ್ರೊಲ್ಯಾಕ್ಟಿನ್ ಹೆಚ್ಚಾಗಿರ್ಬಹುದು, ಗಂಡಸರಿಗೆ ಟೆಸ್ಟೊಸ್ಟಿರೋನ್ ಇಳ್ದಿರ್ಬಹುದು, ಖಿನ್ನತೆ ಇದ್ರೂ ಹೋಗ್ತದೆ, ಖಿನ್ನತೆಗೆ ಕೊಡೋ ಕೆಲವು ಮಾತ್ರೆಯಿಂದಾನೂ ಹೋಗ್ತದೆ, ಬಾಣಂತನದಲ್ಲಿ ಎಷ್ಟೋ ಜನಕ್ಕೆ ಕಡಿಮೆ ಆಗ್ತದೆ. ಇದೆಲ್ಲ ರಕ್ತ ಪರೀಕ್ಷೆಲಿ, ಮಾತುಕತೆಲಿ ಗೊತ್ತಾಗೂ ವಿಷಯ. ಇದು ಬದಲಾವಣೆ. ಏಸ್ ಅನ್ನೋರು ಹೇಳೂದು ಬೇರೆ, ಅವ್ರಿಗೆ ಪ್ರಾಯ ಬಂದಾಗಿಂದ್ಲೂ ಹೀಗೇ, ಅವ್ರಿಗೆ ಅದ್ರಿಂದ ನೋವಿಲ್ಲ, ನೋವು ಬರೂದು ಸುತ್ತಮುತ್ತಲಿನವ್ರಿಂದ. ಕೆನಡಾದಲ್ಲಿ ಲೋರಿ ಬ್ರಾಟೊ ಅನ್ನೋ ಮನಶ್ಶಾಸ್ತ್ರಜ್ಞೆ ಏಸ್ ಹೆಂಗಸರ ಮೇಲೆ ಅಧ್ಯಯನ ಮಾಡಿ 2011ರಲ್ಲಿ ಪ್ರಕಟ ಮಾಡಿದ್ರು, ಲೈಂಗಿಕ ಪ್ರಚೋದನೆಗೆ ಆ ಹೆಂಗಸರ ದೇಹದ ಪ್ರತಿಕ್ರಿಯೆ ಉಳಿದ ಹೆಂಗಸರಿಗಿಂತ ಬೇರೆ ಇರ್ಲಿಲ್ಲ. ದೇಹ ಕೆಟ್ಟಿಲ್ಲ, ಆಕರ್ಷಣೆ ಯಾರ ಕಡೆಗೂ ತಿರುಗೂದಿಲ್ಲ, ಅಷ್ಟೇ.

ಮಾನಸಿಕ ರೋಗಗಳ ಪಟ್ಟಿ ಹೇಳಿ ಅಮೆರಿಕದ ಮನೋವೈದ್ಯರ ಸಂಘದ ಒಂದು ಕೈಪಿಡಿ ಇದೆ, ಡಿಎಸ್‌ಎಂ ಅಂತಾರೆ, ನಮ್ಮ ದೇಶದ ಡಾಕ್ಟ್ರೂ ನೋಡ್ತಾರೆ. 2013ರಲ್ಲಿ ಬಂದ ಐದನೇ ಆವೃತ್ತಿಲಿ ಸ್ಪಷ್ಟವಾಗಿ ಬರ್ದಿದ್ದಾರೆ, ಮನುಷ್ಯ ತನ್ನನ್ನ ಏಸೆಕ್ಷುವಲ್ ಹೇಳಿ ಗುರ್ತಿಸ್ಕೊಂಡ್ರೆ ಆಸಕ್ತಿ ಇಲ್ಲದ ರೋಗ ಅಂತ ಬರೀಬಾರ್ದು ಹೇಳಿ. ನಮ್ಮಲ್ಲೂ 2017ರ ಮಾನಸಿಕ ಆರೋಗ್ಯ ಕಾಯ್ದೆ ಇದೆ, ಸಮಾಜದ ನಡವಳಿಕೆಗೆ ಹೊಂದ್ಕೊಳ್ಳೂದಿಲ್ಲ ಅನ್ನೋ ಒಂದೇ ಕಾರಣಕ್ಕೆ ಯಾರನ್ನೂ ಮಾನಸಿಕ ರೋಗಿ ಅನ್ನೂಕೆ ಬರೂದಿಲ್ಲ.

ಆಘಾತದ ಮಾತು. ಹಾಗೆ ಆದೋರು ಇರ್ಬಹುದು, ಅವ್ರಿಗೆ ಸಹಾಯ ಬೇಕು, 14416ಕ್ಕೆ ಫೋನ್ ಮಾಡಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವ್ರು ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಆದ್ರೆ ಏಸ್ ಅಂದ ಕೂಡ್ಲೇ ನಿಂಗೆ ಯಾರು ಎಂತ ಮಾಡಿದ್ರು ಹೇಳಿ ಕೇಳ್ಬೇಡಿ. ಅದನ್ನ ಕೇಳಿಸ್ಕೊಂಡ ಮನುಷ್ಯ ಮತ್ತೆ ಬಾಯಿ ಬಿಡೂದಿಲ್ಲ, ವಾರ್ಡಲ್ಲಿ ನೋಡಿ ಹೇಳ್ತಿದ್ದೆ.

ಕಪ್ಪುಂಗುರ:

ಅಘನಾಶಿನಿ ಅಕ್ಕ, ತುಂಬಾ ತುಂಬಾ ಥ್ಯಾಂಕ್ಸ್.

ಸೋಂದಾರಸ್ತೆ ಅವ್ರಿಗೆ ಬ್ರಹ್ಮಚರ್ಯದ ಬಗ್ಗೆ ಹೇಳ್ತೇನೆ. ಅದು ವ್ರತ. ಆಸೆ ಇದ್ದು ಅದನ್ನ ಹಿಡಿದಿಡೋದು, ಒಂದು ಗುರಿಗಾಗಿ. ಹಾಗೆ ಬದುಕಿದೋರ ಮೇಲೆ ನಂಗೆ ಗೌರವ ಇದೆ, ಮಠಕ್ಕೆ ಹೋದಾಗ ಕೈ ಮುಗೀತೇನೆ. ನಾನು ಏನನ್ನೂ ಹಿಡಿದಿಡ್ತಾ ಇಲ್ಲ, ತಪಸ್ಸೂ ಮಾಡ್ತಿಲ್ಲ, ಮೀನು ಊಟ ಚೆನ್ನಾಗಿರೋ ಖಾನಾವಳಿ ಹುಡುಕ್ಕೊಂಡು ಹೋಗೋ ಗೆಳತಿಯರ ಜೊತೆ ನಾನೂ ಹೋಗಿ ಸೋಲ್‌ಕಡಿ ಕುಡ್ಕೊಂಡು ಬರ್ತೇನೆ. ನನ್ನನ್ನ ಸನ್ಯಾಸಿ ಅಂತ ಮೇಲೆ ಕೂರಿಸಿದ್ರೂ ಕಷ್ಟವೇ, ಆಮೇಲೆ ಬಣ್ಣದ ಸೀರೆ ಉಟ್ರೂ ಕೇಳ್ತಾರೆ. ಮತ್ತೆ ಏಸ್ ಅಂದ್ರೆ ಎಲ್ರೂ ಸಂಬಂಧವನ್ನ ದೂರ ಇಟ್ಟೋರು ಅಂತಲೂ ಇಲ್ಲ, ಸಂಗಾತಿಗೋಸ್ಕರ, ಮಕ್ಕಳಿಗೋಸ್ಕರ, ಮನಸ್ಸಿಗೆ ಅಡ್ಡಿ ಇಲ್ದೆ ಸೇರೋರೂ ಇದ್ದಾರೆ. ಆಕರ್ಷಣೆ ಇರೋದು ಇಲ್ದೇ ಇರೋದು ಬೇರೆ, ನಡವಳಿಕೆ ಬೇರೆ.

ಇದು ಈಗ ಹುಟ್ಟಿದ್ದು ಅಂತೀರಲ್ಲ, 1948ರಲ್ಲೇ ಕಿನ್ಸಿ ಅನ್ನೋ ವಿಜ್ಞಾನಿ ಗಂಡಸರ ಲೈಂಗಿಕತೆ ಬಗ್ಗೆ ಲೆಕ್ಕ ಹಾಕಿ, ಆಕರ್ಷಣೆ ಹೆಣ್ಣಿನ ಕಡೆಗೋ ಗಂಡಿನ ಕಡೆಗೋ ಅಂತ ಸೊನ್ನೆಯಿಂದ ಆರರವರೆಗೆ ಅಂಕಿ ಕೊಡುವಾಗ ಯಾವ ಅಂಕಿಗೂ ಸೇರದೇ ಇರೋರಿಗೆ ಎಕ್ಸ್ ಅಂತ ಬೇರೆ ಗುರ್ತು ಇಟ್ಟಿದ್ರು. ಕೆನಡಾದ ಆಂಟನಿ ಬೊಗಾರ್ಟ್ 2004ರಲ್ಲಿ ಬ್ರಿಟನ್ನಿನ 18,000ಕ್ಕೂ ಹೆಚ್ಚು ಜನರ ಸರ್ವೆ ತೆಗ್ದು ನೋಡಿದಾಗ ಸುಮಾರು 1% ಜನ ತಮಗೆ ಯಾರ ಮೇಲೂ ಯಾವತ್ತೂ ಆಕರ್ಷಣೆ ಆಗಿಲ್ಲ ಅಂದಿದ್ರು. ಅಲ್ಲಿನ ಲೆಕ್ಕ ಇಲ್ಲಿಗೆ ಹಾಗೇ ಕೂಡೋದಿಲ್ಲ. ಆದ್ರೂ 2011ರ ಜನಗಣತಿಲಿ ನಮ್ಮ ಜಿಲ್ಲೆ ಜನಸಂಖ್ಯೆ 14 ಲಕ್ಷ ದಾಟಿತ್ತು, ಅಷ್ಟು ಜನರಲ್ಲಿ ನಾನೊಬ್ಳೇ ಇರೋದು ಹೇಗೆ ಸಾಧ್ಯ ನೀವೇ ಹೇಳಿ.

ಸೋಂದಾರಸ್ತೆ:

ಮೊದ್ಲಿಂದ್ಲೂ ಹೀಗೇ, ಇವತ್ತಿನ ಬದಲಾವಣೆ ಅಲ್ಲ ಅನ್ನೋದು ಅರ್ಥ ಆಯ್ತು. ಆದ್ರೆ ಮೂವತ್ತಕ್ಕೇ ತೀರ್ಮಾನ ಮಾಡೋದು ಬೇಡ ಅನ್ನೋ ಅಭಿಪ್ರಾಯ ನಂದು. ನಲವತ್ತಕ್ಕೆ ಬೇಕು ಅನ್ಸಿದ್ರೆ?

ಕೋಡಿಬಾಗ್:

ಅನ್ಸಿದ್ರೆ ಆಗ ನೋಡ್ಕೊಳ್ತಾರೆ. ಇಪ್ಪತ್ತೆರಡಕ್ಕೆ ಮದ್ವೆ ಆದೋರಿಗೆ ನಲವತ್ತಕ್ಕೆ ಬೇಡ ಅನ್ಸಿದ್ರೆ ಹೇಳಿ ಯಾರೂ ಕೇಳೋದಿಲ್ಲ ಮಾರ್ರೆ.

ನಾನು ಕಾರವಾರದವನೇ, ಮನೇಲಿ ಕೊಂಕಣಿ. ನಾನು ಆರೋ, ಆದ್ರೆ ಏಸ್ ಅಲ್ಲ. ಇದನ್ನ ಬರೀಲಿಕ್ಕೆ ಹೆದ್ರಿಕೆ ಆಗ್ತದೆ, ಯಾಕಂದ್ರೆ ಏಸ್ ಅಂದ್ರೆ ಪಾಪ ಒಳ್ಳೆಯವ್ರು ಅಂತಾರೆ, ನನ್ನಂಥೋನು ಅಂದ್ರೆ ಟೈಂಪಾಸ್ ಮಾಡೋನು, ಹುಡುಗಿಯರನ್ನ ಬಳಸ್ಕೊಳ್ಳೋನು ಅಂತ ಮೊದ್ಲೇ ಮುದ್ರೆ ಒತ್ತುತಾರೆ. ನಂಗೆ ಆಕರ್ಷಣೆ ಆಗ್ತದೆ, ಪ್ರೇಮ ಆಗೋದಿಲ್ಲ. ಒಬ್ಳ ಜೊತೆ ಸುಮಾರು ಸಮಯ ಇದ್ದೆ, ಮೊದಲನೇ ದಿನವೇ ಹೇಳಿದ್ದೆ, ನನ್ನಿಂದ ಐ ಲವ್ ಯೂ ಬರೋದಿಲ್ಲ, ಆದ್ರೆ ನಿಂಗೆ ಜ್ವರ ಬಂದ್ರೆ ರಾತ್ರಿ ಎಷ್ಟು ಹೊತ್ತಾದ್ರೂ ಬರ್ತೇನೆ, ಸುಳ್ಳು ಹೇಳೋದಿಲ್ಲ ಅಂತ. ಅವ್ಳು ಒಪ್ಪಿದ್ಲು, ಆದ್ರೆ ಕಾದ್ಲು ಅನ್ಸ್ತದೆ, ಒಂದಲ್ಲ ಒಂದಿನ ಇವ್ನು ಬದಲಾಗ್ತಾನೆ ಹೇಳಿ. ಕೊನೆಗೆ ಟ್ಯಾಗೋರ್ ಬೀಚಲ್ಲಿ ಕೂತು ಇಬ್ರೂ ಮಾತಾಡಿ ಬೇರೆ ಆದ್ವಿ, ಜಗಳ ಇಲ್ಲ, ಈಗ್ಲೂ ಹಬ್ಬಕ್ಕೆ ಮೆಸೇಜ್ ಮಾಡ್ತಾಳೆ. ಬೇರೆ ಆದಾಗ ನಂಗೆ ಎದೆ ಒಡೀಲಿಲ್ಲ, ಆದ್ರೆ ಅವ್ಳ ಜೊತೆ ಮಾತಾಡೋದು ನಿಂತಿದ್ದಕ್ಕೆ ತುಂಬಾ ದಿನ ಬೇಜಾರಿತ್ತು, ಒಳ್ಳೆ ಗೆಳತಿ ದೂರ ಆದ್ರೆ ಆಗೋ ಬೇಜಾರು. ಯಾರಿಗಾದ್ರೂ ಇದನ್ನ ಹೇಳಿದ್ರೆ ಕಲ್ಲು ಹೃದಯ ಅಂತಾರೆ. ನನ್ನ ದೋಸ್ತಿಗಳನ್ನ ಕೇಳಿ ನೋಡಿ, ಹುಡುಗರ ಮನೇಲಿ ಯಾರಾದ್ರೂ ತೀರ್ಕೊಂಡ್ರೆ, ಆಸ್ಪತ್ರೆ ಸೇರಿದ್ರೆ ಮೊದ್ಲು ಫೋನ್ ಬರೋದು ನಂಗೇ.

ಈ ಆರೋ ವಿಷಯ ಜನಕ್ಕೆ ಇನ್ನೂ ಕಡಿಮೆ ಗೊತ್ತು. ಏಸ್‌ನವ್ರಿಗೆ ಏಪ್ರಿಲ್ 6 ಅಂತಾರಾಷ್ಟ್ರೀಯ ದಿನ ಅಂತ 2021ರಿಂದ ಮಾಡ್ತಿದಾರೆ. ನಮಗೂ ಫೆಬ್ರವರಿಲಿ ಪ್ರೇಮಿಗಳ ದಿನ ಮುಗಿದ ಮೇಲೆ ಒಂದು ವಾರ ಇದೆ. ಬಾವುಟದಲ್ಲಿ ಹಸಿರು ಇರ್ತದೆ, ಎಲ್ಲಾದ್ರೂ ನೋಡಿದ್ರೆ ಗುರ್ತು ಹಿಡೀರಿ.

ಮುಂಡಗೋಡಕ್ಕ:

ನನ್ನ ಕಥೆ ಹೇಳ್ತೀನಿ, ಹೆಸ್ರು ಬೇಡ. ಇಪ್ಪತ್ತಮೂರಕ್ಕೆ ಮದ್ವೆ ಆಯ್ತು. ಆಗ ಏಸ್ ಅನ್ನೋದು ಕೇಳಿರ್ಲಿಲ್ಲ, ಮದ್ವೆ ಆದ್ಮೇಲೆ ತಾನೇ ಆಗ್ತತಿ ಅಂತ ಎಲ್ರೂ ಹೇಳಿದ್ರು, ನಂಬಿದ್ದೆ. ಮದ್ವೆಗೆ ಮುಂಚೆ ಯಾರ ಕಡೆಗೂ ನೋಡ್ದೇ ಇದ್ದ ಹುಡುಗಿ ಅಂತ ನನ್ನ ಹೊಗಳಿದ್ರು, ಅದೇ ಗುಣಕ್ಕೆ ಮದ್ವೆ ಆದ್ಮೇಲೆ ಬೈದ್ರು. ಗಂಡ ಕೆಟ್ಟೋರಲ್ಲ. ಮೊದ್ಲು ಕಾದ್ರು, ಆಮೇಲೆ ಸಿಟ್ಟಾದ್ರು, ಆಮೇಲೆ ತಾನೇ ಇವ್ಳಿಗೆ ಇಷ್ಟ ಇಲ್ಲೇನೋ ಅಂತ ಒಳಗೊಳಗೇ ಕುಗ್ಗಿದ್ರು. ನಂಗೆ ರಾತ್ರಿ ಆಗ್ತಿದ್ದಂಗೆ ಹೊಟ್ಟೇಲಿ ಕಲಕಿದಂಗೆ ಆಗೋದು, ಪಾತ್ರೆ ತೊಳೆಯೋದು, ಅಕ್ಕಿ ಆರಿಸೋದು, ಎಂತಾದ್ರೂ ಕೆಲಸ ಹುಡುಕಿ ಹೊತ್ತು ದೂಡ್ತಿದ್ದೆ. ಬೇಡ ಅನ್ನೋಕೆ ಹಕ್ಕಿದೆ ಅಂತ್ಲೇ ಗೊತ್ತಿರ್ಲಿಲ್ಲ. ಇಬ್ರಿಗೂ ನೋವಾಯ್ತು, ಇಬ್ರದ್ದೂ ತಪ್ಪಿಲ್ಲ. ಕಡೆಗೆ ಒಪ್ಪಿಗೆ ಮೇಲೆ ಡೈವೋರ್ಸ್ ತಗೊಂಡ್ವಿ, ಅವ್ರಿಗೀಗ ಬೇರೆ ಸಂಸಾರ, ಮಗು ಇದೆ, ಕೇಳಿ ಖುಷಿ ಆಯ್ತು. ನಾನು ಟೇಲರಿಂಗ್ ಮಾಡ್ಕೊಂಡು ಆರಾಮಿದೀನಿ. ಈಗಿನ ಹುಡುಗೀರು ಮದ್ವೆಗೆ ಮುಂಚೆನೇ ಇದನ್ನ ಓದ್ಲಿ ಅಂತ ಬರ್ದೆ.

ಅಂಕೋಲಾ_ವಕೀಲ:

ಮುಂಡಗೋಡಕ್ಕ ಬರೆದಿದ್ದು ಓದಿ ಕಾನೂನಿನ ಕಡೆಯಿಂದ ಸ್ವಲ್ಪ ಹೇಳಬೇಕು ಅನ್ಸ್ತು, ಯಾಕಂದ್ರೆ "ಸುಮ್ನೆ ಮದ್ವೆ ಆಗ್ಬಿಡು, ಆಮೇಲೆ ನೋಡೋಣ" ಅನ್ನೋ ಸಲಹೆ ಎಷ್ಟು ಅಪಾಯ ಅಂತ ಕೊಡೋರಿಗೆ ಗೊತ್ತಿರೋದಿಲ್ಲ. ಸಮರ್ ಘೋಷ್ ಪ್ರಕರಣದಲ್ಲಿ 2007ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ದೈಹಿಕ ತೊಂದರೆ ಅಥವಾ ಸರಿಯಾದ ಕಾರಣ ಇಲ್ದೆ ಒಬ್ರೇ ತೀರ್ಮಾನ ಮಾಡಿ ಬಹುಕಾಲ ಸಂಬಂಧ ನಿರಾಕರಿಸಿದ್ರೆ ಅದು ಮಾನಸಿಕ ಕ್ರೌರ್ಯ ಆಗಬಹುದು ಅಂತ. ಕ್ರೌರ್ಯ ಅಂದ್ರೆ ಡೈವೋರ್ಸಿಗೆ ಕಾರಣ. ಅಂದ್ರೆ ಏಸ್ ಮನುಷ್ಯ ಕೋರ್ಟಲ್ಲಿ ಕ್ರೂರಿ ಅನ್ನಿಸ್ಕೊಂಡು ನಿಲ್ಲಬೇಕಾಗಿ ಬರ್ತದೆ.

ಇನ್ನೊಂದು ಕಡೆ, ಹೆಂಡ್ತಿ ಒಪ್ಪಿಗೆ ಇಲ್ದೆ ಗಂಡ ಬಲವಂತ ಮಾಡಿದ್ರೆ ಈಗಲೂ ಅದು ಅತ್ಯಾಚಾರದ ಕಲಮಿಗೆ ಬರೋದಿಲ್ಲ, ಹೆಂಡ್ತಿಗೆ 18 ತುಂಬಿದ್ರೆ. 2024ರ ಜುಲೈಲಿ ಬಂದ ಭಾರತೀಯ ನ್ಯಾಯ ಸಂಹಿತೆ 63ನೇ ಕಲಮಲ್ಲೂ ಆ ವಿನಾಯಿತಿ ಹಾಗೇ ಇದೆ. ಇದು ನನ್ನ ಪ್ರಕಾರ ದೊಡ್ಡ ಅನ್ಯಾಯ. ಆದ್ರೆ ದಾರಿ ಪೂರ್ತಿ ಮುಚ್ಚಿಲ್ಲ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಲಿ ಲೈಂಗಿಕ ದೌರ್ಜನ್ಯ ಅಂತ ಸ್ಪಷ್ಟವಾಗಿ ಸೇರಿದೆ, ರಕ್ಷಣೆ ಆದೇಶ, ವಾಸದ ಹಕ್ಕು ಕೇಳಬಹುದು. ಇಬ್ರೂ ಒಪ್ಪಿದ್ರೆ ಹಿಂದೂ ವಿವಾಹ ಕಾಯ್ದೆ 13ಬಿ ಇದೆ, ಮುಂಡಗೋಡಕ್ಕ ಮಾಡಿದ್ದು ಅದೇ ಇರ್ಬೇಕು, ಅದ್ರಲ್ಲಿ ಯಾರ ಮೇಲೂ ತಪ್ಪು ಹೊರಿಸೋದು ಬೇಕಾಗಿಲ್ಲ.

ಹೊನ್ನಾವರದಮ್ಮ:

ನಾನು ಇದ್ರಲ್ಲಿ ಬರೀತಾ ಇರೂದು ಮೊದಲ್ನೇ ಸಲ. ನನ್ನ ಮಗಳು ಬೆಂಗ್ಳೂರಲ್ಲಿ ಕೆಲಸಕ್ಕೆ ಇದ್ದಾಳೆ, ಹೋದ ತಿಂಗ್ಳು ಮನೆಗೆ ಬಂದಾಗ ಇದೇ ಹೇಳಿದ್ಲು, ನಂಗೆ ಅರ್ಥ ಆಗ್ಲಿಲ್ಲ, ಅವ್ಳೇ ಈ ಚರ್ಚೆ ನಂಗೆ ಕಳ್ಸಿದ್ಲು ಓದು ಅಮ್ಮ ಹೇಳಿ. ಓದಿದೆ. ಅವ್ಳಿಗೆ ರೋಗ ಇಲ್ಲ ಹೇಳಿ ಸಮಾಧಾನ ಆಯ್ತು. ಆದ್ರೆ ನಂಗೆ ನಿದ್ದೆ ಬರೂದಿಲ್ಲ ತಂಗಿ. ನಾವಿಬ್ರೂ ಹೋದ್ಮೇಲೆ ಅವ್ಳಿಗೆ ಯಾರು? ಕೈಕಾಲು ಬಿದ್ದಾಗ ಒಂದು ಲೋಟ ಗಂಜಿ ಕೊಡೂಕೆ ಯಾರಿದ್ದಾರೆ? ಅವ್ಳ ಅಣ್ಣಂಗೆ ಅವ್ನದ್ದೇ ಸಂಸಾರ. ನಾನು ಮದ್ವೆ ಮದ್ವೆ ಹೇಳೂದು ಅವ್ಳ ಸುಖಕ್ಕೇ ಅಲ್ವಾ.

ಕಪ್ಪುಂಗುರ:

ಅಮ್ಮಾ, ನೀವು ಬರೆದಿದ್ದು ಓದಿ ಕಣ್ಣು ತುಂಬ್ತು. ನಿಮ್ಮ ಮಗಳು ಲಿಂಕ್ ಕಳ್ಸಿದ್ಲು, ನೀವು ಪೂರ್ತಿ ಓದಿದ್ರಿ, ಇಷ್ಟು ಸಿಕ್ಕಿದ್ದೇ ಎಷ್ಟೋ ಜನಕ್ಕೆ ಸಿಕ್ಕಿಲ್ಲ.

ನೀವು ಕೇಳಿದ ಪ್ರಶ್ನೆ ಈ ಚರ್ಚೆಲಿ ಬಂದ ಎಲ್ಲ ಪ್ರಶ್ನೆಗಿಂತ ನಿಜವಾದ್ದು, ನಂಗೂ ರಾತ್ರಿ ಅದೇ ಯೋಚನೆ ಬರ್ತದೆ. ಆದ್ರೆ ಅದು ಆಕರ್ಷಣೆಯ ಪ್ರಶ್ನೆ ಅಲ್ಲ ಅಮ್ಮ, ನಮ್ಮಲ್ಲಿ ಆಸರೆ ಅನ್ನೋದನ್ನೆಲ್ಲ ಮದ್ವೆಗೇ ಕಟ್ಟಿ ಹಾಕಿರೋದ್ರ ಪ್ರಶ್ನೆ. ಜ್ವರದಲ್ಲಿ ಗಂಜಿ ಕೊಡೋಕೆ, ಆಸ್ಪತ್ರೇಲಿ ಸಹಿ ಹಾಕೋಕೆ, ಮನೆ ಬಾಡಿಗೆಗೆ ಕೊಡುವಾಗ ನಂಬೋಕೆ, ಎಲ್ಲದಕ್ಕೂ ಗಂಡ ಇದ್ದಾನಾ ಅಂತ ಕೇಳ್ತಾರೆ. ಕಾರವಾರದಲ್ಲಿ ನಾನು ಬಾಡಿಗೆ ಮನೆ ಹುಡುಕುವಾಗ ಒಬ್ಳೇ ಅಂದ ಕೂಡ್ಲೇ ಬಾಗಿಲು ಹಾಕಿದ ಮನೆಗಳಿದ್ದಾವೆ. ಹಾಗಾಗಿ ಆ ಆಸರೆಯನ್ನ ಬೇರೆ ದಾರಿಲಿ ಕಟ್ಕೋಬೇಕು, ಪ್ರಾಯದಲ್ಲೇ, ಕೈಲಿ ದುಡಿಮೆ ಇರುವಾಗ್ಲೇ. ನಾನು ಇಬ್ರು ಗೆಳತಿಯರ ಜೊತೆ ಮಾತಾಡಿಟ್ಟಿದ್ದೇನೆ, ಒಬ್ಳು ಗಂಡ ತೀರ್ಕೊಂಡೋಳು, ಒಬ್ಳು ಮದ್ವೆ ಬೇಡ ಅಂದೋಳು. ಸದಾಶಿವಗಡ ಕಡೆ ಅಕ್ಕಪಕ್ಕ ಸಣ್ಣ ಜಾಗ ನೋಡ್ತಿದ್ದೇವೆ, ಒಂದೇ ಅಂಗಳ, ಬೇರೆ ಬೇರೆ ಬಾಗಿಲು. ತಂಗಿ ಮಕ್ಕಳು ರಜೆಗೆ ನನ್ನ ಹತ್ರಾನೇ ಇರ್ತಾರೆ. ಗಂಡ ಇದ್ದೋರಿಗೆ ಇದಕ್ಕಿಂತ ಹೆಚ್ಚು ಗ್ಯಾರಂಟಿ ಇದೆ ಅಂತ ನಂಗೆ ಅನ್ಸೋದಿಲ್ಲ, ನಿಮ್ಮ ಓಣಿಲೇ ನೋಡಿ, ಮಕ್ಕಳು ವಿದೇಶಕ್ಕೆ ಹೋಗಿ ಒಂಟಿ ಆದ ಅಜ್ಜಿಯರು ಎಷ್ಟು ಮನೇಲಿದ್ದಾರೆ.

ವಕೀಲ್ರೇ, ಕಾಗದಪತ್ರ ಎಂತೆಂತ ಮಾಡ್ಕೋಬೇಕು ಸ್ವಲ್ಪ ಹೇಳಿ, ಅಮ್ಮಂಗೂ ಗೊತ್ತಾಗ್ಲಿ.

ಅಂಕೋಲಾ_ವಕೀಲ:

ಮೊದಲು ವಿಲ್. ಮದ್ವೆ ಆಗದ ಹಿಂದೂ ಹೆಂಗಸು ವಿಲ್ ಇಲ್ದೆ ತೀರ್ಕೊಂಡ್ರೆ, ಮಕ್ಕಳಿಲ್ದಿದ್ರೆ, ಆಸ್ತಿ ಅಪ್ಪ ಅಮ್ಮಂಗೆ ಹೋಗ್ತದೆ, ಅವ್ರೂ ಇಲ್ಲದಿದ್ರೆ ಅಪ್ಪನ ವಾರಸುದಾರರಿಗೆ, ಅಂದ್ರೆ ಅಣ್ಣ ತಮ್ಮ ಅಕ್ಕ ತಂಗಿಯರಿಗೆ. ಕಡೆವರೆಗೂ ನೋಡ್ಕೊಂಡ ಗೆಳತಿಗೆ ಏನೂ ಸಿಗೋದಿಲ್ಲ. ವಿಲ್‌ಗೆ ಛಾಪಾ ಕಾಗದ ಬೇಡ, ರಿಜಿಸ್ಟರ್ ಕಡ್ಡಾಯ ಅಲ್ಲ, ಇಬ್ರು ಸಾಕ್ಷಿ ಬೇಕೇ ಬೇಕು. ರಿಜಿಸ್ಟರ್ ಮಾಡ್ಸಿದ್ರೆ ಮುಂದೆ ತಕರಾರು ಕಡಿಮೆ. ಬ್ಯಾಂಕಲ್ಲಿ ನಾಮಿನಿ ಹಾಕಿದ್ದೇನೆ, ಸಾಕು ಅನ್ಬೇಡಿ. ನಾಮಿನಿ ದುಡ್ಡು ತಗೊಳ್ಳೋಕೆ ಮಾತ್ರ, ಒಡೆತನ ವಾರಸುದಾರರದ್ದೇ.

ಆಸ್ಪತ್ರೆ ವಿಷಯ. 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಮುಂಗಡ ವೈದ್ಯಕೀಯ ನಿರ್ದೇಶನ ಇದೆ, 2023ರಲ್ಲಿ ಇನ್ನೂ ಸುಲಭ ಮಾಡಿದ್ರು, ಇಬ್ರು ಸಾಕ್ಷಿ ಮುಂದೆ ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಹತ್ರ ದೃಢೀಕರಣ ಮಾಡ್ಸಿದ್ರೆ ಆಯ್ತು. ಗುಣ ಆಗೋ ಆಸೆ ಇಲ್ಲದ ಕೊನೇ ಹಂತದಲ್ಲಿ ಚಿಕಿತ್ಸೆ ಬಗ್ಗೆ ಯಾರು ಮಾತಾಡ್ಬೇಕು ಅಂತ ಅದ್ರಲ್ಲಿ ಹೆಸ್ರು ಬರೀಬಹುದು. ಮಾನಸಿಕ ಆರೋಗ್ಯ ಕಾಯ್ದೆ 14ನೇ ಕಲಮಿನಲ್ಲಿ ಬಿಳಿ ಹಾಳೆ ಮೇಲೆ ಬರ್ದು ಸಹಿ ಹಾಕಿ ಮಾನಸಿಕ ಚಿಕಿತ್ಸೆ ವಿಷಯಕ್ಕೆ ನಿಮ್ಮ ಪ್ರತಿನಿಧಿನ ನೇಮಿಸ್ಬಹುದು, ಸಂಬಂಧಿಕರೇ ಆಗ್ಬೇಕು ಅಂತಿಲ್ಲ.

ಅಮ್ಮಂಗೆ ಇನ್ನೊಂದು. ಪಿತ್ರಾರ್ಜಿತ ಆಸ್ತಿಲಿ ಮಗಳಿಗೂ ಮಗನಷ್ಟೇ ಪಾಲು 2005ರ ತಿದ್ದುಪಡಿಯಿಂದ ಇಡೀ ದೇಶಕ್ಕೆ ಬಂತು, ನಮ್ಮ ಕರ್ನಾಟಕದಲ್ಲಿ ಮದ್ವೆ ಆಗದ ಹೆಣ್ಮಕ್ಕಳಿಗೆ 1994ರಿಂದ್ಲೇ ಇತ್ತು. ಮಗಳಿಗೆ ಮದ್ವೆ ಖರ್ಚು ಅಂತ ಇಟ್ಟ ಬಂಗಾರ, ಎಫ್‌ಡಿ ಅವ್ಳ ಹೆಸರಿಗೇ ಮಾಡಿ. ಅಣ್ಣನ ಮನೆ ಪಡಸಾಲೆಲಿ ಒಂದು ಮೂಲೆ ಅನ್ನೋದಕ್ಕಿಂತ ಅವ್ಳದ್ದೇ ಸೂರು ಇರ್ಲಿ.

ತೋಟದಮನೆ:

ವಕೀಲ್ರೇ ಇದನ್ನ ನಾನು ಬರ್ಕೊಂಡೆ. ಕಪ್ಪುಂಗುರ ಅವ್ರೇ, ನಿಮ್ಮ ಹೆಸ್ರು ಯಾಕೆ ಹೀಗೆ ಅಂತ ಕೇಳ್ಬಹುದಾ?

ಕಪ್ಪುಂಗುರ:

ಏಸ್ ಆಗಿರೋರು ಬಲಗೈ ನಡು ಬೆರಳಿಗೆ ಕಪ್ಪು ಉಂಗುರ ಹಾಕೋ ರೂಢಿ ಇದೆ, ಎಲ್ಲೋ ಬಸ್ಸಲ್ಲಿ ಆಫೀಸಲ್ಲಿ ಒಬ್ರಿಗೊಬ್ರು ಗುರ್ತಾಗ್ಲಿ ಅಂತ. ನಾನೂ ಹಾಕ್ತೇನೆ. ನಮ್ಮಲ್ಲಿ ಶನಿ ಕಾಟಕ್ಕೆ ಕುದುರೆ ಲಾಳದ ಉಂಗುರ ನಡು ಬೆರಳಿಗೇ ಹಾಕ್ತಾರಲ್ಲ, ಹಾಗಾಗಿ ಊರಲ್ಲಿ ಯಾರೂ ಕೇಳಿಲ್ಲ. ಆಯಿಗೆ ಮಾತ್ರ ಹೇಳಿದ್ದೇನೆ ಇದು ಶನಿಗೆ ಅಲ್ಲ ಹೇಳಿ. ಹಬ್ಬದ ದಿನ ಕೈ ತೊಳೆವಾಗ ತೆಗ್ದಿಟ್ಟು ಮರೆತಿದ್ದೆ, ಅವ್ರೇ ಒರೆಸಿ ತಂದು ಕೈಲಿಟ್ರು, ಕಳ್ಕೋಬೇಡ ಅಂದ್ರು.

ಹೊನ್ನಾವರದಮ್ಮ:

ತಂಗಿ ಇನ್ನೊಂದೇ ಕೇಳ್ತೆ. ಬರೋ ಭಾನುವಾರ ನಮ್ಮ ನಾದಿನಿ ಒಂದು ಸಂಬಂಧ ಹಿಡ್ಕೊಂಡು ಮನೆಗೆ ಬರ್ತಾರೆ. ಮಗಳ ವಿಷಯ ಅವ್ರಿಗೆ ಹೇಳೂಕೆ ಆಗೂದಿಲ್ಲ, ಬಾಯಿ ನಿಲ್ಲೂದಿಲ್ಲ ಅವ್ರದ್ದು. ಎಂತ ಹೇಳ್ಲಿ?

ಕಪ್ಪುಂಗುರ:

ಅಮ್ಮ, ಮಗಳ ವಿಷಯ ಹೇಳೋದೇ ಬೇಡ, ಅದು ಅವ್ಳು ಹೇಳ್ಬೇಕಾದ್ದು, ಯಾರಿಗೆ ಯಾವಾಗ ಅಂತ ಅವ್ಳೇ ನೋಡ್ಕೊಳ್ತಾಳೆ. ಸುಳ್ಳು ಕಾರಣವೂ ಬೇಡ, ಜಾತಕ ಕೂಡ್ಲಿಲ್ಲ ಅಂದ್ರೆ ಇನ್ನೊಂದು ಜಾತಕ ತರ್ತಾರೆ, ಸಂಬಳ ಕಡಿಮೆ ಅಂದ್ರೆ ಹೆಚ್ಚಿನವನನ್ನ ತರ್ತಾರೆ. ಭಾನುವಾರಕ್ಕಿಂತ ಮುಂಚೆನೇ ಫೋನ್ ಮಾಡಿ ಹೇಳಿ, "ಅತ್ತಿಗೆ, ಅವ್ಳು ಸದ್ಯ ಮದ್ವೆ ಬೇಡ ಅಂದಿದ್ದಾಳೆ, ನಾವೂ ಒಪ್ಪಿದ್ದೇವೆ, ಇನ್ನು ನಾವಾಗಿ ಕೇಳೋವರೆಗೆ ಸಂಬಂಧ ನೋಡ್ಬೇಡಿ, ನೀವು ಊಟಕ್ಕೆ ಬನ್ನಿ". ನಾವೂ ಒಪ್ಪಿದ್ದೇವೆ ಅನ್ನೋದನ್ನ ಬಿಡ್ಬೇಡಿ. ಮಗಳು ಒಬ್ಳೇ ಬೇಡ ಅಂದ್ರೆ ಹಠ ಅಂತಾರೆ, ಅಪ್ಪ ಅಮ್ಮನೂ ಸೇರಿ ಹೇಳಿದ್ರೆ ಮನೆಯ ತೀರ್ಮಾನ ಅಂತಾರೆ. ಅವ್ಳ ಅಪ್ಪನ ಬಾಯಲ್ಲಿ ಹೇಳ್ಸಿದ್ರೆ ಇನ್ನೂ ಒಳ್ಳೇದು, ನಾದಿನಿ ಅವ್ರ ತಂಗಿ ತಾನೇ. ಯಾಕೆ ಅಂತ ಕೇಳಿಯೇ ಕೇಳ್ತಾರೆ, ಎರಡನೇ ಸಲಕ್ಕೂ ಅದೇ ಮಾತು ಹೇಳಿ, ಒಂದಕ್ಷರ ಹೆಚ್ಚು ಬೇಡ.

ಹೊನ್ನಾವರದಮ್ಮ:

ಸರಿ ತಂಗಿ. ಇವತ್ತು ಸಂಜೆ ಇವ್ರ ಹತ್ರ ಮಾತಾಡ್ತೆ, ಇವ್ರೇ ಫೋನ್ ಮಾಡ್ಲಿ.